ನೈಟ್ರೇಟ್ ಬರುವುದು ಬಕೆಟ್‌ನಲ್ಲೇ

ಮಾನ್ಯರೇ,

ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಮೀನಿನ ಹಿಕ್ಕೆ, ಮಿಕ್ಕ ಆಹಾರ ಕೊಳೆತು ಕೊನೆಗೆ ಉಳಿಯುವ ನೈಟ್ರೇಟ್ ಇಳಿಯುತ್ತಿಲ್ಲವೆಂದು ವಾರವಾರವೂ ನೀರು ಬದಲಿಸಿ ಸುಸ್ತಾಗುತ್ತಾರೆ. ಅಂಗಡಿಗೆ ಹೋದರೆ ಇನ್ನೊಂದು ಬಾಟಲಿ ಬ್ಯಾಕ್ಟೀರಿಯಾ ಕೈಗೆ ಬರುತ್ತದೆ. ನಮ್ಮ ಕಡೆ, ಅದರಲ್ಲೂ ಮಂಡ್ಯದ ಸುತ್ತಮುತ್ತ, ಮೊದಲು ಪರೀಕ್ಷಿಸಬೇಕಾದ್ದು ಟ್ಯಾಂಕಿಗೆ ಸುರಿಯುವ ನೀರನ್ನು. ಉಪ್ಪು ಬೆರೆಸುವ ಮೊದಲೊಮ್ಮೆ, ಬೆರೆಸಿದ ಮೇಲೊಮ್ಮೆ ನೋಡಿ.

ಕಬ್ಬು, ಭತ್ತಕ್ಕೆ ಹಾಕಿದ ಯೂರಿಯಾದ ಒಂದು ಪಾಲು ನೈಟ್ರೇಟ್ ಆಗಿ ಬೋರ್‌ವೆಲ್ ನೀರಿಗೆ ಇಳಿಯುತ್ತದೆ; ಸೋರುವ ಶೌಚಗುಂಡಿಗಳದ್ದೂ ಸೇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಮಿತಿ ಲೀಟರಿಗೆ 45 ಮಿಲಿಗ್ರಾಂ. ಹವಳದ ಟ್ಯಾಂಕಿನಲ್ಲಾದರೋ 10ರೊಳಗೆ ಇದ್ದರೆ ವಾಸಿ. ಬರೀ ಮೀನಾದರೆ 40ರವರೆಗೂ ನಡೆಯುತ್ತದೆ. ಬಕೆಟ್‌ನ ನೀರಲ್ಲೇ 40 ಇದ್ದರೆ ಎಷ್ಟು ಸಲ ಬದಲಿಸಿದರೂ ಟ್ಯಾಂಕು ಅದಕ್ಕಿಂತ ಕೆಳಗಿಳಿಯದು. ಆರಿದ ನೀರಿಗೆ ಬದಲಾಗಿ ತುಂಬುವ ನೀರಿನದು ಇನ್ನೂ ಕೆಟ್ಟ ಲೆಕ್ಕ: 100 ಲೀಟರ್ ಟ್ಯಾಂಕಿಗೆ ದಿನಕ್ಕೊಂದು ಲೀಟರ್ ಇದೇ ನೀರು ಹಾಕಿದರೆ ತಿಂಗಳಿಗೆ ಲೀಟರಿಗೆ 12 ಮಿಲಿಗ್ರಾಂ ಏರಿಕೆ. ಆವಿಯಾಗುವುದು ನೀರು ಮಾತ್ರ, ನೈಟ್ರೇಟ್ ಅಲ್ಲೇ ಕೂರುತ್ತದೆ.

‘ಮನೇಲಿ ಆರ್‌ಒ ಇದೆಯಲ್ಲ’ ಎನ್ನುವವರು ಅದರೊಳಗಿನ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಗಮನಿಸಿರುವುದಿಲ್ಲ. ರುಚಿಗೆಂದು ಅದು ಮೆಂಬ್ರೇನ್ ದಾಟದ ನೀರನ್ನೂ ಬೆರೆಸುತ್ತದೆ. ಯುವಿ ದೀಪ, ಯುಎಫ್ ಎಂಬ ಸೂಕ್ಷ್ಮ ಜರಡಿ ನೈಟ್ರೇಟನ್ನು ತಡೆಯುವುದೇ ಇಲ್ಲ. ಮೆಂಬ್ರೇನ್ ಆದಕೂಡಲೇ ಒಂದು ಪೈಪು ಕವಲು ತೆಗೆದು ಉಳಿದ ಲವಣ ಹೀರುವ ಡಿಐ ರೆಸಿನ್ ಮೂಲಕ ಹಾಯಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು.

ನೈಟ್ರೇಟ್ ಅಳೆಯುವ ಕಿಟ್ಟೂ ದಾರಿ ತಪ್ಪಿಸುತ್ತದೆ. ಹಲವು ಕಿಟ್‌ಗಳು ನೈಟ್ರೇಟನ್ನು ಅದರ ಹಿಂದಿನ ಹಂತವಾದ ನೈಟ್ರೈಟ್ ಮಾಡಿಕೊಂಡು ಬಣ್ಣ ತೋರಿಸುವುದರಿಂದ, ಮೊದಲ 4–6 ವಾರ ಟ್ಯಾಂಕಿನಲ್ಲಿರುವ ನೈಟ್ರೈಟ್ ಅಂಕಿಯನ್ನು ಎಷ್ಟೋ ಪಟ್ಟು ಹಿಗ್ಗಿಸಿಬಿಡುತ್ತದೆ. ನೈಟ್ರೈಟ್ 0 ಆಗುವವರೆಗೆ ಆ ಕಡುಗೆಂಪನ್ನು ನಂಬಬೇಡಿ. ಕಿಟ್ಟಿನಲ್ಲಿ ಪುಡಿ ತಳಕ್ಕಿಳಿಯುವ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ಉಲ್ಟಾ, ಕಡಿಮೆ ತೋರಿಸುತ್ತದೆ. ಅಂಕಿ ನೈಟ್ರೇಟ್-ನೈಟ್ರೋಜನ್ (ನೈಟ್ರೇಟ್‌ನೊಳಗಿನ ನೈಟ್ರೋಜನ್ ಮಾತ್ರ) ಲೆಕ್ಕದಲ್ಲಿದ್ದರೆ, ನೈಟ್ರೇಟ್ ತಿಳಿಯಲು 4.4ರಿಂದ ಗುಣಿಸಿ.

ನೀರೂ ಕಿಟ್ಟೂ ಸರಿಯಿದ್ದರೆ ಸೈಕ್ಲಿಂಗ್‌ಗೆ (ಮೀನಿಗೆ ಮೊದಲು ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ) ಸುರಿದ ಅಮೋನಿಯಾ ನೆನಪಿಸಿಕೊಳ್ಳಿ: 1 ಮಿಲಿಗ್ರಾಂ ಅಮೋನಿಯಾ ಕೊನೆಗೆ ಸುಮಾರು 3.6 ಮಿಲಿಗ್ರಾಂ ನೈಟ್ರೇಟ್ ಆಗುತ್ತದೆ. ಮೀನು ಬಿಡುವ ಮೊದಲು ಅರ್ಧಕ್ಕರ್ಧ ನೀರು ಬದಲಿಸಿದರೆ ಆ ಬಾಕಿಯೂ ಅರ್ಧಕ್ಕಿಳಿಯುತ್ತದೆ. ಕೊಳೆಯುವುದೆಲ್ಲ ನೈಟ್ರೇಟೇ ಆಗುವುದರಿಂದ ಫಿಲ್ಟರ್ ಹತ್ತಿಯನ್ನು ವಾರಕ್ಕೆರಡು ಸಲ ಬದಲಿಸಿ, ಮೀನಿಗೆ ಕೊಡುವ ಫ್ರೋಜನ್ ಸೀಗಡಿಯ ರಸ ಬಸಿದು ಹಾಕಿ.

ನೈಟ್ರೇಟ್ ತಿನ್ನುವ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ವಿನೆಗರ್ ಹಾಕುವ ಉಪಾಯ ಹೊಸ ಟ್ಯಾಂಕಿಗಲ್ಲ. ಬಲಿತ ಟ್ಯಾಂಕಿಗೂ ಶುರುವಿನಲ್ಲಿ 100 ಲೀಟರಿಗೆ ದಿನಕ್ಕೆ 1 ಮಿ.ಲೀ. ಸಾಕು, ಅದೂ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇದ್ದರೆ ಮಾತ್ರ. ಹೆಚ್ಚಾದರೆ ಬ್ಯಾಕ್ಟೀರಿಯಾ ಉಕ್ಕಿ ನೀರು ಬೆಳ್ಳಗಾಗುತ್ತದೆ, ಆಮ್ಲಜನಕ ಕುಸಿದು ರಾತ್ರೋರಾತ್ರಿ ಮೀನು ಸಾಯುತ್ತವೆ.

– ಅಕ್ವೇರಿಯಂ ಹವ್ಯಾಸಿಗಳು, ಮಂಡ್ಯ