ಕೋಲಾರಕ್ಕೂ ಒಂದು ನಡಿಗೆಯ ಹಾಳೆ

ಮೆಲ್ಬರ್ನ್ ನಗರದ ಕಡಲಂಚಿನ ಹಳೆಯ ಬಡಾವಣೆಯಾದ ವಿಲಿಯಮ್ಸ್‌ಟೌನ್ ನೋಡಲು ಮಾರ್ಗದರ್ಶಿಯ ಅಗತ್ಯವಿಲ್ಲ. ನಕ್ಷೆಯಿರುವ ಹಾಳೆಯೊಂದು ಕೈಯಲ್ಲಿದ್ದರೆ ಜೆಮ್ ಪಿಯರ್ ಎಂಬ ಹಡಗುಕಟ್ಟೆಯಿಂದ ಹೊರಟು, ನೆಲ್ಸನ್ ಪ್ಲೇಸ್ ಬೀದಿಯ ಹಳೆಯ ಕಟ್ಟಡಗಳನ್ನು ನೋಡುತ್ತಾ ಟೈಂಬಾಲ್ ಗೋಪುರದವರೆಗೆ ನಮ್ಮ ಪಾಡಿಗೆ ನಾವು ನಡೆಯಬಹುದು. 1849ರಲ್ಲಿ ದೀಪಸ್ತಂಭವಾಗಿ ಕಟ್ಟಿದ ಈ ಕಲ್ಲಿನ ಗೋಪುರದ ತುದಿಗೆ ಮುಂದೆ ದೊಡ್ಡದೊಂದು ಗೋಲವನ್ನು ಅಳವಡಿಸಿ, ದಿನವೂ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಅದನ್ನು ಕೆಳಗಿಳಿಸುತ್ತಿದ್ದರು. ಲಂಗರು ಹಾಕಿದ ಹಡಗುಗಳವರು ಅದನ್ನು ಕಂಡು ತಮ್ಮ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರು. ಗಡಿಯಾರ 4 ನಿಮಿಷ ತಪ್ಪಿದರೆ, ಹಡಗು ಪೂರ್ವ-ಪಶ್ಚಿಮವಾಗಿ ಎಲ್ಲಿದೆ ಎಂದು ತಿಳಿಸುವ ರೇಖಾಂಶದ ಲೆಕ್ಕ ಒಂದು ಡಿಗ್ರಿ ತಪ್ಪುತ್ತದೆ ಎಂಬುದನ್ನು ಅರಿತವರಿಗೆ ಆ ಗೋಪುರ ಬರಿಯ ಫೋಟೊ ಹಿನ್ನೆಲೆಯಾಗಿ ಉಳಿಯುವುದಿಲ್ಲ.

ಮೆಲ್ಬರ್ನಿನ ನಮ್ಮ ಕನ್ನಡ ಬಳಗದಲ್ಲಿರುವ ಕೋಲಾರದವರು ಪ್ರತಿ ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಾರೆ, ಮಕ್ಕಳನ್ನು ಊರ ಪಕ್ಕದ ಬೆಟ್ಟದಲ್ಲಿರುವ ಅಂತರಗಂಗೆಗೆ ಕರೆದೊಯ್ಯುತ್ತಾರೆ, ಬಸವನ ಬಾಯಿಂದ ಬೀಳುವ ನೀರಿಗೆ ಕೈಯೊಡ್ಡಿ ಹಿಂತಿರುಗುತ್ತಾರೆ. ಅದು ತಪ್ಪಲ್ಲ. ಆದರೆ ಆ ಬೆಟ್ಟದ ಕೆಳಗಿನ ಪೇಟೆಯೇ ಒಂದು ಬೆಳಗಿನ ನಡಿಗೆಗೆ ಸಾಕಾಗುವಷ್ಟು ಹಳೆಯದು, ಅದಕ್ಕೂ ವಿಲಿಯಮ್ಸ್‌ಟೌನಿನಂಥದೇ ಒಂದು ಹಾಳೆ ಬೇಕು. ಗಂಗರ ಕಾಲದಲ್ಲಿ ಕುವಲಾಲಪುರವೆಂದು ಹೆಸರಾಗಿದ್ದ ಊರು ಇದು.

ನಡಿಗೆ ಕೋಲಾರಮ್ಮನ ಗುಡಿಯಿಂದಲೇ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿಗೆ ಹೋದವರೆಲ್ಲ ಅಮ್ಮನ ದರ್ಶನ ಮಾಡಿ, ಚೇಳು ಕಚ್ಚದಿರಲೆಂದು ಚೇಳಮ್ಮನಿಗೆ ಕಾಣಿಕೆ ಹಾಕಿ ಹೊರಬರುತ್ತಾರೆ. ಗೋಡೆಯ ಕಡೆ ನೋಡುವವರು ಕಡಿಮೆ. ಆ ಗ್ರಾನೈಟ್ ಗೋಡೆಗಳ ಮೇಲೆ ಸಾಲು ಸಾಲಾಗಿರುವುದು ತಮಿಳು ಶಾಸನಗಳು, ರಾಜೇಂದ್ರ ಚೋಳನ ಆಳ್ವಿಕೆಯವೂ ಅವುಗಳಲ್ಲಿವೆ. ಹನ್ನೊಂದನೆಯ ಶತಮಾನದಲ್ಲಿ ಚೋಳರು ಈ ಸೀಮೆಯನ್ನು ಆಳಿದ್ದಕ್ಕೆ ಪುಸ್ತಕವೇ ಬೇಕಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರದ ಗೀರುಗಳು ನೆರಳು ಹಿಡಿದು ಎದ್ದು ಕಾಣುವಾಗ ಎರಡು ಹೆಜ್ಜೆ ಹಿಂದೆ ಸರಿದು ನಿಂತರಾಯಿತು. (ಎಣ್ಣೆ, ಅರಿಶಿನ ಹಚ್ಚಿ ‘ಚೆನ್ನಾಗಿ ಕಾಣಿಸುವ’ ಉತ್ಸಾಹ ದಯವಿಟ್ಟು ಬೇಡ.) ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ನಿಲ್ಲಬೇಕು ಎಂಬ ಈ ಬಗೆಯ ಮಾತನ್ನು ಸಂರಕ್ಷಿತ ಸ್ಮಾರಕದ ನೀಲಿ ಫಲಕ ಹೇಳುವುದಿಲ್ಲ, ಅದು ದಂಡ ಮತ್ತು ಶಿಕ್ಷೆಯ ವಿಷಯವನ್ನಷ್ಟೇ ಹೇಳುತ್ತದೆ. ಹೇಳಬೇಕಾದ್ದು ನಡಿಗೆಯ ಹಾಳೆ.

ಸೋಮೇಶ್ವರ ದೇವಾಲಯ ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ. ವಿಜಯನಗರ ಕಾಲದ ಈ ಗುಡಿಯಲ್ಲಿ ಗೋಪುರಕ್ಕೆ ಕೊಡುವ ಸಮಯದ ದುಪ್ಪಟ್ಟನ್ನು ಕಲ್ಯಾಣ ಮಂಟಪದ ಕಂಬಗಳಿಗೆ ಕೊಡಬೇಕು. ಆಮೇಲೆ ಹೈದರಾಲಿಯ ತಂದೆ ಫತೇ ಮಹಮ್ಮದರ ಸಮಾಧಿಯಿರುವ ಮಖ್ಬರಾ, ಗಡಿಯಾರ ಗೋಪುರ. ಹೈದರಾಲಿ ಹುಟ್ಟಿದ ಬೂದಿಕೋಟೆ ದೂರವಾದ್ದರಿಂದ ಈ ನಡಿಗೆಗೆ ಸೇರದು. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕಂಡು 2001ರಲ್ಲಿ ಚಿನ್ನದ ಗಣಿ ಮುಚ್ಚಿಸಿಕೊಂಡ ಕೆ.ಜಿ.ಎಫ್.ಗೆ ಬೇರೆಯೇ ಹಾಳೆ ಬೇಕು.

ಗುಡಿ, ಗೋರಿ, ಗಡಿಯಾರಗಳನ್ನು ಒಂದೇ ದಾರಿಯಲ್ಲಿ ಪೋಣಿಸಿದರೆ ಯಾರಿಗಾದರೂ ಇರಿಸುಮುರಿಸಾದೀತೇ ಎಂದು ಸಮಿತಿಯ ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು. ಊರಿನಲ್ಲಿ ಅವು ಇರುವುದೇ ಹಾಗೆ; ಹಾಳೆಯ ಮೇಲೆ ಬೇರ್ಪಡಿಸುವುದು ನಮ್ಮ ಕೆಲಸವಲ್ಲ ಎಂದು ಉತ್ತರಿಸಿದೆ.

ಈ ಸಲ ಊರಿಗೆ ಹೊರಟ ಕೋಲಾರದ ಸದಸ್ಯರಲ್ಲಿ ಒಂದು ವಿನಂತಿ. ಗುಡಿಗಳ ಬಾಗಿಲು ಮಧ್ಯಾಹ್ನ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ದಾರಿಯಲ್ಲಿ ನೆರಳು ಎಲ್ಲಿದೆ, ಕುಡಿಯುವ ನೀರು, ಶೌಚಾಲಯ, ಕಾಫಿ ಎಲ್ಲಿ ಸಿಗುತ್ತವೆ ಎಂಬುದನ್ನು ಗುರುತು ಮಾಡಿಕೊಂಡು ಬನ್ನಿ. ನಕ್ಷೆ ಬರೆಯುವ ಹೊಣೆ ಸಂಪಾದಕ ಮಂಡಳಿಯದು. ಅಕ್ಷರ ಮಾತ್ರ ದಪ್ಪವಾಗಿರಲಿ ಎಂದು ಈಗಲೇ ತೀರ್ಮಾನಿಸಿದ್ದೇವೆ, ಏಕೆಂದರೆ ಅಲ್ಲಿ ನಮ್ಮೊಡನೆ ನಡೆಯಲು ಬರುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದ ನಮ್ಮ ಅಪ್ಪ ಅಮ್ಮಂದಿರು.