ಟಕ್ ಟಕ್ ಸದ್ದು: ಮಗಳಿಗೊಂದು ಪತ್ರ

ಮಗಳೇ,

ಭಾನುವಾರ ನಿನ್ನ ಮೇಲೆ ಕಿರುಚಿ, ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆ. ನಾಲ್ಕು ದಿನವಾಯಿತು. ನೀನೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಏನಾಯಿತು ಅಂತ ನಿನ್ನ ಅವ್ವ ಎರಡು ಸಲ ಕೇಳಿದಳು. ಅವಳಿಗೂ ಹೇಳಿಲ್ಲ.

ನೀನು ಹೊಸ ಆಫೀಸಿನ ವಿಷಯ ಹೇಳುತ್ತಿದ್ದೆ. ಮಾತಿನ ಹಿಂದೆ ಟಕ್, ಟಕ್ ಅಂತ ಏನೋ ಸದ್ದು. ಮೊದಲು ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಕೋವಿಮದ್ದನ್ನು ಅಳೆದು ಬೀಳಿಸುವ ಪೌಡರ್ ಮೆಷರಿನ ಹಿಡಿ ಮೇಲೆ ಹೋಗಿ ಕೆಳಗೆ ಬರುವ ಸದ್ದು ಅದು. ಫೋನನ್ನು ಸ್ಪೀಕರಿಗೆ ಹಾಕಿ, ನನ್ನ ಜೊತೆ ಮಾತಾಡುತ್ತಲೇ ನೀನು ಕೇಸುಗಳಿಗೆ, ಅಂದರೆ ತೋಟಾದ ಖಾಲಿ ಕೊಳವೆಗಳಿಗೆ, ಮದ್ದು ತುಂಬುತ್ತಿದ್ದೆ. ಅಷ್ಟಕ್ಕೆ ಅಪ್ಪ ಯಾಕೆ ಹಾಗೆ ಸಿಡಿದ ಅಂತ ನಿನಗೆ ಅನಿಸಿರುತ್ತೆ. ಅದನ್ನು ಹೇಳಲೇ ಈ ಪತ್ರ.

ನನ್ನ 38 ಸ್ಪೆಷಲ್ ರಿವಾಲ್ವರ್ ನೆನಪಿದೆಯಲ್ಲ? ಮಾರಿಬಿಟ್ಟೆ ಅಂದಿದ್ದೆ. ಸುಳ್ಳು. ಹೆಬ್ಬೆರಳಿನ ಬುಡದ ಗಾಯದ ಗುರುತು ಕಾರಿನ ಬಾನೆಟ್ ತಗುಲಿ ಆದದ್ದು ಅಂದಿದ್ದೆ. ಅದೂ ಸುಳ್ಳು.

2019ರ ಮಾರ್ಚ್. ಗ್ಯಾರೇಜಿನಲ್ಲಿ ಐವತ್ತು ಕೇಸುಗಳನ್ನು ತೂತುಗಳಿರುವ ಬ್ಲಾಕಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದೆ. ಒಂದೊಂದನ್ನೇ ತೆಗೆದು ಮೆಷರಿನ ಬಾಯಿಗೆ ಹಿಡಿಯುವುದು, ಹಿಡಿ ಎಳೆಯುವುದು, ವಾಪಸ್ ಅದೇ ತೂತಿನಲ್ಲಿ ಇಡುವುದು. ಅರ್ಧ ಆಗಿರಬೇಕು, ಫೋನ್ ಬಂತು. ಕಾಲೇಜಿನಲ್ಲಿ ಸೀಟು ಸಿಕ್ಕಿತು ಅಂತ ಗೆಳತಿಯ ಮನೆಯಿಂದ ನೀನು ಮಾಡಿದ್ದು. ಖುಷಿಯಲ್ಲಿ ನಿನಗೆ ಮಾತೇ ಹೊರಡುತ್ತಿರಲಿಲ್ಲ. ಒಳಗೆ ಹೋಗಿ ಅವ್ವನಿಗೆ ಹೇಳಿ, ಊರಿಗೆ ತಾತನಿಗೂ ಫೋನ್ ಮಾಡಿ, ಅರ್ಧ ಗಂಟೆ ಬಿಟ್ಟು ಬಂದು ಕೂತೆ. ಎಲ್ಲಿ ನಿಲ್ಲಿಸಿದ್ದೆ ಅನ್ನುವುದು ಗೊತ್ತಿದೆ ಅಂದುಕೊಂಡೆ.

ಶನಿವಾರ ಶೂಟಿಂಗ್ ರೇಂಜಿನಲ್ಲಿ ಏಳನೆಯ ಗುಂಡು. ಟ್ರಿಗರ್ ಒತ್ತಿದೆ. ಕಿವಿಗೆ ಮಫ್ ಹಾಕಿದ್ದರೂ ಅಂಥ ಸದ್ದು ನಾನು ಕೇಳಿರಲಿಲ್ಲ. ಕೈ ಮರಗಟ್ಟಿತು. ಕಣ್ಣು ಬಿಟ್ಟು ನೋಡಿದರೆ ತೋಟಾಗಳು ಕೂರುವ ಸಿಲಿಂಡರಿನ ಮೇಲಿನ ಭಾಗವೇ ಇಲ್ಲ. ಅದರ ಮೇಲಿನ ಪಟ್ಟಿ ಬಿಲ್ಲಿನ ಹಾಗೆ ಬಾಗಿ ನಿಂತಿತ್ತು. ಕನ್ನಡಕದ ಬಲಗಾಜಿನ ಮೇಲೆ ಉದ್ದಕ್ಕೆ ಒಂದು ಗೀರು. ಆ ಗೀರನ್ನು ಎಷ್ಟು ಸಲ ಬೆರಳಿನಿಂದ ಮುಟ್ಟಿ ನೋಡಿದ್ದೇನೋ ಲೆಕ್ಕವಿಲ್ಲ.

ಎಡಗಡೆಯ ಬೆಂಚಿನಲ್ಲಿ ಪ್ರತಿ ಶನಿವಾರ ಒಬ್ಬರು ವಯಸ್ಸಾದವರು ನಿಲ್ಲುತ್ತಿದ್ದರು, ನಿನಗೆ ಕ್ಯಾಂಡಿ ಕೊಡುತ್ತಿದ್ದರಲ್ಲ, ಅವರು. ಅವತ್ತು ಬಂದಿರಲಿಲ್ಲ. ಒಡೆದ ತುಂಡು ಆಮೇಲೆ ಸಿಕ್ಕಿದ್ದು ಅವರ ಬೆಂಚಿನ ಮರದಲ್ಲಿ. ಅವರ ಎದೆ ಬರುವಷ್ಟು ಎತ್ತರದ ಅಡ್ಡಹಲಗೆಯಲ್ಲಿ ನಾಟಿಕೊಂಡಿತ್ತು. ಇವತ್ತಿಗೂ ರಾತ್ರಿ ಎಚ್ಚರವಾದರೆ ಅದೇ ಹಲಗೆ ಕಣ್ಣಿಗೆ ಬರುತ್ತದೆ. ಅವರು ಬಂದಿದ್ದರೆ? ಒಮ್ಮೊಮ್ಮೆ ನೀನು ಆ ಜಾಗದಲ್ಲಿ ನಿಲ್ಲುತ್ತಿದ್ದೆ. ನೀನು ಇದ್ದಿದ್ದರೆ?

ಒಂದೇ ಕೇಸಿಗೆ ಎರಡು ಸಲ ಮದ್ದು ಬಿದ್ದಿತ್ತು. ಬೇರೆ ಏನೂ ಇರಲಾರದು. 38 ಸ್ಪೆಷಲ್ ಕೇಸಿನ ಅಳತೆ ಕರಿಮದ್ದಿನ ಕಾಲದ್ದು, ಆಗ ಮದ್ದು ಹೆಚ್ಚು ಹಾಕಬೇಕಿತ್ತು. ಈಗಿನ ಹೊಗೆಯಿಲ್ಲದ ಮದ್ದು ಸ್ವಲ್ಪ ಹಾಕಿದರೆ ಸಾಕು, ಕೇಸು ಮುಕ್ಕಾಲು ಪಾಲು ಖಾಲಿಯೇ ಇರುತ್ತದೆ. ಎರಡರಷ್ಟು ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಮೇಲೆ ಗುಂಡು ಕೂರಿಸಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ.

ಇದರಲ್ಲಿ ನಿನ್ನ ಫೋನಿನ ತಪ್ಪು ಒಂದು ಚೂರೂ ಇಲ್ಲ. ನೀನು ಹಾಗೆ ಅಂದುಕೊಳ್ಳುತ್ತೀಯ ಅಂತಲೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಟಾರ್ಚ್ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಕೇಸುಗಳ ಒಳಗೆ ಬೆಳಕು ಬಿಟ್ಟು ನೋಡದೆ ಗುಂಡು ಕೂರಿಸಿದ್ದು ನಾನು.

ಈಗ ಹೇಳುವುದನ್ನು ದಯವಿಟ್ಟು ಓದು, ಹಾರಿಸಬೇಡ. ಹೊಸ ಮೆಷರಿಗೆ ಫ್ಯಾಕ್ಟರಿಯ ಎಣ್ಣೆ ಅಂಟಿರುತ್ತದೆ. ಬಿಚ್ಚಿ, ಜಿಡ್ಡು ಪೂರ್ತಿ ತೆಗೆದು, ಒಣಗಿಸಿದೆಯಾ? ಇಲ್ಲದಿದ್ದರೆ ಮದ್ದು ಒಳಗೇ ಅಂಟಿಕೊಂಡು ಒಂದು ಸಲ ಕಡಿಮೆ, ಇನ್ನೊಂದು ಸಲ ಜಾಸ್ತಿ ಬೀಳುತ್ತದೆ. ಬೆಂಚು ಅಲುಗಾಡಬಾರದು. ನೀನಿರುವ ಬೋಜ್‌ಮನ್‌ನಲ್ಲಿ ಚಳಿಗಾಲದ ಗಾಳಿ ಒಣಗಾಳಿ. ಸ್ಥಿರವಿದ್ಯುತ್ ಹುಟ್ಟಿ, ಮೆಷರಿನ ಮೇಲಿನ ಪ್ಲಾಸ್ಟಿಕ್ ಡಬ್ಬಿಯ ಗೋಡೆಗೆ ಮದ್ದು ಮೆತ್ತಿಕೊಳ್ಳುತ್ತದೆ. ಬಟ್ಟೆ ಒಣಗಿಸುವ ಮೆಷಿನ್ನಿಗೆ ಹಾಕುವ ಹಾಳೆಯಿಂದ ಒಮ್ಮೆ ಒರೆಸು. ಮೊದಲ ಹತ್ತು ಹದಿನೈದು ಎಳೆತದ ಮದ್ದನ್ನು ವಾಪಸ್ ಡಬ್ಬಿಗೇ ಸುರಿ. ಮದ್ದು ಒಳಗೆ ಕೂತುಕೊಳ್ಳುವವರೆಗೆ ಅಳತೆ ನಿಲ್ಲುವುದಿಲ್ಲ.

ಅಳತೆ ಹೊಂದಿಸುವ ಸ್ಕ್ರೂ ತಿರುಗಿಸುವುದು ಆಮೇಲೆ. ಅದಕ್ಕೂ ಮೊದಲು ತಕ್ಕಡಿ ಸರಿಯಿದೆಯಾ ಅಂತ ತೂಕದ ಕಲ್ಲಿಟ್ಟು ನೋಡು. ಒಂದು ಪೌಂಡಿಗೆ 7000 ಗ್ರೇನ್. ತಾತ ಹೇಳುತ್ತಿದ್ದ ಗುಲಗಂಜಿ ತೂಕ ಇದೆಯಲ್ಲ, ಅದು ಹತ್ತಿರ ಹತ್ತಿರ ಎರಡು ಗ್ರೇನ್. ನೀನು ಅಳೆಯುತ್ತಿರುವುದು ಗ್ರೇನಿನ ಹತ್ತನೇ ಒಂದು ಭಾಗವನ್ನು. ಕಣ್ಣಂದಾಜು ನಡೆಯುವುದಿಲ್ಲ. ಪುಸ್ತಕದಲ್ಲಿ ಶುರುವಿನ ಅಳತೆ ಅಂತ ಕೊಟ್ಟಿರುವುದರಿಂದಲೇ ಶುರು ಮಾಡು, ಮೇಲಿನ ಮಿತಿಯ ಹತ್ತಿರ ಹೋಗಬೇಡ. ಹತ್ತು ಸಲ ಎಳೆದು ಹತ್ತನ್ನೂ ಬೇರೆ ಬೇರೆ ತೂಗು. ಆಮೇಲೂ ಹತ್ತಕ್ಕೊಮ್ಮೆ ತೂಗುತ್ತಿರು. ಹಿಡಿ ಎಳೆಯುವ ಕೈ ಪ್ರತಿ ಸಲ ಒಂದೇ ಥರ ಇರಲಿ. ಬೆಂಚಿನ ಮೇಲೆ ಒಂದೇ ಮದ್ದಿನ ಡಬ್ಬ. ಕೆಲಸ ಮುಗಿದ ಮೇಲೆ ಮದ್ದನ್ನು ಅದೇ ಡಬ್ಬಕ್ಕೆ ಸುರಿದುಬಿಡು, ರಾತ್ರಿಯೆಲ್ಲ ಮೆಷರಿನಲ್ಲಿ ಬಿಡಬೇಡ. ಬೆಳಗ್ಗೆ ಅದು ಯಾವ ಮದ್ದು ಅನ್ನುವುದೇ ಮರೆತಿರುತ್ತದೆ.

ಇನ್ನೊಂದು. ಖಾಲಿ ಕೇಸುಗಳು ಬಾಯಿ ಕೆಳಗೆ ಮಾಡಿ ಇರಲಿ. ಒಂದನ್ನು ತಿರುಗಿಸಿ, ಮದ್ದು ತುಂಬಿ, ಬೇರೆ ಬ್ಲಾಕಿನಲ್ಲಿ ಇಡು. ನಡುವೆ ಯಾರಾದರೂ ಕರೆದರೆ, ಕೈಯಲ್ಲಿರುವ ಕೇಸಿನ ಮದ್ದನ್ನು ವಾಪಸ್ ಸುರಿದು ಏಳು. ಕೊನೆಗೆ ಟಾರ್ಚ್ ಹಿಡಿದು ಐವತ್ತರೊಳಗೂ ನೋಡು. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿ ಕಾಣಬೇಕು. ಅಲ್ಲಿಯವರೆಗೆ ಒಂದು ಗುಂಡನ್ನೂ ಕೂರಿಸಬೇಡ.

ಪಾಠ ಜಾಸ್ತಿಯಾಯಿತು, ಗೊತ್ತು. ನೀನು ತೋಟಾಕ್ಕೆ ಗುಂಡು ಕೂರಿಸುವ ಪ್ರೆಸ್ ಕೊಳ್ಳುವ ಮೊದಲೇ ಎರಡು ಪುಸ್ತಕ ತಂದು ಪೂರ್ತಿ ಓದಿದವಳು. ನಾನು ಒಂದನ್ನೂ ಪೂರ್ತಿ ಓದಿರಲಿಲ್ಲ. ಊರಿನಲ್ಲಿ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ, ತೋಕ್ ಪೂ ಹೂವು ಸಿಕ್ಕಿಸಿ ಪೂಜೆಗಿಟ್ಟ ಕೋವಿಗಳ ಮುಂದೆ, ಆರು ವರ್ಷದ ನೀನು ಕೈ ಕಟ್ಟಿಕೊಂಡು ನಿಂತಿದ್ದೆ. ಮುಟ್ಟು ಅಂದರೂ ತಾತನನ್ನು ಕೇಳದೆ ಮುಟ್ಟಲಿಲ್ಲ. ಅದನ್ನು ಈಗಲೂ ಎಲ್ಲರಿಗೂ ಹೇಳುತ್ತಿರುತ್ತೇನೆ. ಅಂಥವಳ ಮೇಲೆ ಕಿರುಚಿದೆ. ಕ್ಷಮಿಸು, ಕಂದಾ.

ಪಾರ್ಸೆಲ್ ಕಳಿಸಿದ್ದೇನೆ. ಅದರಲ್ಲಿ ತೂಕದ ಕಲ್ಲುಗಳ ಡಬ್ಬಿ ಇದೆ, ಬಟ್ಟೆಯಲ್ಲಿ ಸುತ್ತಿದ ಒಡೆದ ಸಿಲಿಂಡರ್ ಇದೆ. ಸಿಲಿಂಡರನ್ನು ನಿನ್ನ ಮೆಷರಿನ ಪಕ್ಕದಲ್ಲೇ ಇಟ್ಟುಕೊ. ಅವ್ವನಿಗೆ ಇವತ್ತು ರಾತ್ರಿ ಎಲ್ಲ ಹೇಳುತ್ತೇನೆ.

ಭಾನುವಾರ ಫೋನ್ ಮಾಡು. ಬೆಂಚಿನಿಂದ ಎದ್ದು ಬಂದ ಮೇಲೆ.

ನಿನ್ನ
ಅಪ್ಪ