ಫ್ಯೂಯಲ್ ಪಂಪಿಗೆ ಹೊಸ ವೈರು, ಹೊಸ ಅರ್ಥಿಂಗ್: ದರ ಬದಲಾದದ್ದರ ಕುರಿತು ನಮ್ಮ ಗ್ರಾಹಕರಿಗೆ

ಆತ್ಮೀಯ ಗ್ರಾಹಕರಿಗೆ ಕುಮಟಾದಿಂದ ನಮಸ್ಕಾರಗಳು.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಯಾವ ಕಾರಿಗೂ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ತಳ್ಳುವ ದೊಡ್ಡ ಫ್ಯೂಯಲ್ ಪಂಪ್ ಒಂದನ್ನೇ ಹಾಕಿಕೊಡುವುದಿಲ್ಲ. ಪಂಪಿನ ಜೊತೆಗೆ ಬ್ಯಾಟರಿಯಿಂದ ನೇರವಾಗಿ ಹೊಸ ವೈರು, ಅದಕ್ಕೊಂದು ಫ್ಯೂಸು, ರಿಲೇ (ಸಣ್ಣ ಕರೆಂಟಿನ ಅಪ್ಪಣೆಯಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು) ಮತ್ತು ಹೊಸ ಅರ್ಥಿಂಗ್ (ಕರೆಂಟು ಬ್ಯಾಟರಿಗೆ ಮರಳುವ ದಾರಿ) ಕಡ್ಡಾಯ. ಕಾರು ಎರಡು ದಿನ ನಮ್ಮಲ್ಲೇ ಇರಬೇಕು. ಜೋಡಣೆಯ ದರ ತೆರಿಗೆ ಸೇರಿ 2,950 ರೂಪಾಯಿಯಿಂದ 8,850 ರೂಪಾಯಿಗೆ ಏರುತ್ತದೆ. ಪಂಪಿನ ಬೆಲೆ ಬೇರೆ.

ಸುದ್ದಿ ಆಗಲೇ ಹಬ್ಬಿದೆ. ಕಳೆದ ಹದಿನೈದು ದಿನಗಳಿಂದ ಫೋನಿನಲ್ಲಿ, ಶೆಡ್ಡಿನ ಬಾಗಿಲಲ್ಲಿ, ಒಮ್ಮೆ ಮದುವೆಯ ಊಟದ ಪಂಕ್ತಿಯಲ್ಲಿ ಕೂಡ ನನಗೆ ಒಂದೇ ಮಾತು ಕೇಳಿಬರುತ್ತಿದೆ: "ಎರಡು ವೈರು ಎಳೆಯುವುದಕ್ಕೆ ಮೂರು ಪಟ್ಟು ಹಣವೇ?" ಹಳೆಯ ಶೆಡ್ಡಿನ ಕಾಲದಿಂದ ಬರುತ್ತಿರುವವರು ಈ ಮಾತು ಆಡಿದಾಗ ನನಗೆ ನೋವಾಯಿತು. ಆದರೆ ಕೇಳುವ ಹಕ್ಕು ನಿಮಗಿದೆ, ಉತ್ತರ ಕೊಡುವ ಹೊಣೆ ನನ್ನದು. ಅದಕ್ಕೂ ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ನಮ್ಮ ಗ್ರಾಹಕರೊಬ್ಬರ ಕಾರು ರಾತ್ರಿ ಹತ್ತು ಗಂಟೆಗೆ ದೇವಿಮನೆ ಘಟ್ಟದ ತಿರುವಿನಲ್ಲಿ ನಿಂತುಬಿಟ್ಟಿತು. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಹಾಕಿಸಿದ ಹಳೆಯ ಸೆಡಾನ್ ಅದು, ದೊಡ್ಡ ಪಂಪ್ ಹಾಕಿದವರು ನಾವೇ. ಕಾರಿನಲ್ಲಿ ಅವರ ಹೆಂಡತಿ ಮತ್ತು ಸಣ್ಣ ಮಗಳು ಇದ್ದರು. ಹೊರಗೆ ಜಡಿಮಳೆ, ಮೊಬೈಲಿಗೆ ಸಿಗ್ನಲ್ ಇಲ್ಲ. ಮೇಲಿನಿಂದ ಬಂದ ಲಾರಿಯವರು ಘಟ್ಟದ ಕೆಳಗಿನ ಕತಗಾಲದವರೆಗೆ ಬಂದು ನನಗೆ ಫೋನು ಮಾಡಿದರು. ಈ ಕಾರು ಏರಿನಲ್ಲಿ ಎಳೆಯುವುದಿಲ್ಲ ಎಂದು ಆ ಗ್ರಾಹಕರು ಅದಕ್ಕೂ ಮೊದಲು ಎರಡು ಸಲ ನಮ್ಮಲ್ಲಿಗೆ ತಂದಿದ್ದರು. ಎರಡು ಸಲವೂ ನಾವು ಪಂಪನ್ನೇ ಅನುಮಾನಿಸಿದೆವು, ಒಮ್ಮೆ ಹೊಸದನ್ನೇ ಬದಲಿಸಿಕೊಟ್ಟೆವು. ಪಂಪಿನಲ್ಲಿ ಏನೂ ದೋಷವಿರಲಿಲ್ಲ. ಹೊಸ ಪಂಪನ್ನು ಕಾರಿನ ಹಳೆಯ ವೈರಿಗೇ ಜೋಡಿಸಿದ್ದೆವು. ದೋಷ ಇದ್ದದ್ದು ಅಲ್ಲಿ.

ಮರುದಿನ ಹಿಂದಿನ ಸೀಟು ಎತ್ತಿ ನೋಡಿದೆವು. ಟ್ಯಾಂಕಿನ ಮೇಲಿನ ಕನೆಕ್ಟರಿನ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಅರ್ಥ್ ವೈರಿನ ತುದಿಯ ಲೋಹದ ಬಳೆ, ಅಂದರೆ ಲಗ್, ಕಾರಿನ ಬಾಡಿಯ ತಗಡಿಗೆ ಕೂರುವ ಜಾಗದಲ್ಲಿ ತುಕ್ಕು ಪದರ ಪದರವಾಗಿ ಏಳುತ್ತಿತ್ತು. ಎಂಜಿನ್ ಓಡಿಸಿ ಅಳೆದಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಪಂಪಿನ ಬಾಯಲ್ಲಿ 11.6 ವೋಲ್ಟ್. ನಡುವಿನ 2.3 ವೋಲ್ಟ್‌ನಲ್ಲಿ 1.2 ಹೋಗುವ ವೈರಿನಲ್ಲಿ, 1.1 ಬರುವ ದಾರಿಯಲ್ಲಿ, ಅಂದರೆ ಅರ್ಥಿನಲ್ಲಿ ನಷ್ಟವಾಗುತ್ತಿತ್ತು. ಆ ಕುಟುಂಬದ ಕ್ಷಮೆಯನ್ನು ಅವರ ಮನೆಗೇ ಹೋಗಿ ಕೇಳಿದ್ದೇನೆ, ಮೂರೂ ಸಲದ ಹಣ ಹಿಂತಿರುಗಿಸಿದ್ದೇನೆ. ಇಲ್ಲಿ ನಿಮ್ಮೆಲ್ಲರ ಮುಂದೆಯೂ ಕೇಳುತ್ತಿದ್ದೇನೆ. ಮೊದಲ ದಿನವೇ ಮಲ್ಟಿಮೀಟರ್ ಹಿಡಿಯಬೇಕಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಕಂಪನಿಯವರು ಹಾಕಿದ ವೈರು ಸಾಲುವುದಿಲ್ಲವೇ?" ಕಂಪನಿಯವರು ಹಾಕಿದ ಪಂಪಿಗೆ ಖಂಡಿತ ಸಾಲುತ್ತದೆ. ನಾವು ಬಿಚ್ಚಿ ನೋಡಿದ ಹಳೆಯ ಕಾರುಗಳಲ್ಲಿ ಅದು, ಅಡ್ಡ ಕತ್ತರಿಸಿದರೆ ಕಾಣುವ ತಾಮ್ರದ ಲೆಕ್ಕದಲ್ಲಿ, ಒಂದು ಚದರ ಮಿಲಿಮೀಟರಿನ ಆಸುಪಾಸಿನದು. ಮೂಲ ಪಂಪ್ ಎಳೆಯುವುದು ಐದಾರು ಆಂಪಿಯರ್. ಗಂಟೆಗೆ 255 ಲೀಟರಿನ ಪಂಪ್ ಹಾಕಿದರೆ ಅದು ಹತ್ತು ಹನ್ನೆರಡು ಆಂಪಿಯರ್ ಕೇಳುತ್ತದೆ, ಟರ್ಬೊ ಒತ್ತಡ ಏರಿದಂತೆ ಇನ್ನೂ ಸ್ವಲ್ಪ ಹೆಚ್ಚು. ಬ್ಯಾಟರಿ ಇರುವುದು ಮುಂದೆ, ಟ್ಯಾಂಕು ಹಿಂದೆ. ವೈರು ಸುತ್ತಿ ಬಳಸಿ ಐದು ಮೀಟರ್ ಓಡುತ್ತದೆ. ಒಂದು ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 12 ಆಂಪಿಯರ್ ಹರಿದರೆ ಆ ಐದು ಮೀಟರಿನಲ್ಲೇ ಸುಮಾರು 1.2 ವೋಲ್ಟ್ ಕರಗುತ್ತದೆ. ನಾಲ್ಕು ಚದರ ಮಿಲಿಮೀಟರಿನ ವೈರಿನಲ್ಲಾದರೆ 0.3 ವೋಲ್ಟ್.

ಶಿರಸಿ, ಸಿದ್ದಾಪುರದ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬದಿಂದ ಹಳ್ಳದ ದಂಡೆಯ ಪಂಪ್‌ಸೆಟ್ಟಿಗೆ ಸಣ್ಣ ವೈರು ಎಳೆದರೆ ಮೋಟಾರು ಗುಂಯ್ಗುಡುತ್ತದೆ, ನೀರು ಮೇಲಿನ ತೋಟಕ್ಕೆ ಏರುವುದಿಲ್ಲ. ಕಾರಿನಲ್ಲೂ ಅದೇ. ಪಂಪ್ ನಿಧಾನವಾಗುತ್ತದೆ, ಪೆಟ್ರೋಲು ಕಡಿಮೆಯಾಗುತ್ತದೆ. ಪೇಟೆಯಲ್ಲಿ ಓಡಿಸುವಾಗ ಎಂಜಿನ್ನಿಗೆ ಬೇಕಾಗುವುದೇ ಅಲ್ಪ, ಹಾಗಾಗಿ ಕೊರತೆ ಗೊತ್ತಾಗುವುದಿಲ್ಲ. ಘಟ್ಟದಲ್ಲಿ ಅಥವಾ ಟ್ರ್ಯಾಕಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾಗುತ್ತದೆ, ಸಿಲಿಂಡರಿನ ಒಳಗಿನ ಬಿಸಿ ಏರುತ್ತದೆ, ಎಂಜಿನ್ ಕುಟ್ಟಲು ಶುರುವಾಗುತ್ತದೆ. ಅಲ್ಲಿಂದ ಪಿಸ್ಟನ್ ಸುಡುವುದಕ್ಕೆ ಹೆಚ್ಚು ಹೊತ್ತು ಬೇಡ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಅದೇ ಪ್ರಮಾಣದ ಗಾಳಿಗೆ ಅದು ಶುದ್ಧ ಪೆಟ್ರೋಲಿಗಿಂತ ಹೆಚ್ಚು ಬೇಕು. ಪಂಪಿನ ಮೇಲಿನ ಹೊರೆ ಹಾಗೆಯೂ ಏರಿದೆ.

ಕಳೆದುಹೋದ ವೋಲ್ಟ್ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬ ಹುಡುಗ ಕೇಳಿದ. ಬಿಸಿಯಾಗುತ್ತದೆ. ಘಟ್ಟದಲ್ಲಿ ನಿಂತ ಆ ಕಾರಿನಲ್ಲಿ 2.3 ವೋಲ್ಟ್, 11 ಆಂಪಿಯರ್. ಗುಣಿಸಿದರೆ 25 ವಾಟ್. ನಮ್ಮ ಮೇಜಿನ ಮೇಲಿರುವ ಸಣ್ಣ ಸೋಲ್ಡರಿಂಗ್ ಕಡ್ಡಿಯ ಶಕ್ತಿ ಅಷ್ಟೇ. ಅದರ ಒಂದು ಪಾಲು ಕೆಟ್ಟ ಸಂಧಿಗಳಲ್ಲಿ, ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ ಉರಿಯುತ್ತಿತ್ತು. ಅಂದಿನಿಂದ ಇದು ನನ್ನ ತಲೆಯಿಂದ ಹೋಗಿಲ್ಲ.

ಅರ್ಥಿಂಗ್ ಕುರಿತು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಚೌಕಾಸಿ ಮಾಡುವವರು ಮೊದಲು ಕೈಬಿಡಲು ಹೇಳುವುದು ಇದನ್ನೇ. ಮನೆಯ ಅರ್ಥಿಂಗಿನಂತೆ ಇದ್ದಿಲು, ಉಪ್ಪು ತುಂಬಿ ಗುಂಡಿ ತೋಡುವ ವಿಚಾರ ಇದಲ್ಲ. ಕಾರಿನಲ್ಲಿ ಬಾಡಿಯ ತಗಡೇ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ. ಹೋದಷ್ಟು ಕರೆಂಟು ಬರಲೇಬೇಕು. ಪ್ಲಸ್ ಕಡೆ ಎಷ್ಟೇ ದಪ್ಪ ವೈರು ಹಾಕಿದರೂ ಮರಳುವ ದಾರಿಯಲ್ಲಿ ತುಕ್ಕು ಕೂತಿದ್ದರೆ ಪಂಪಿಗೆ ಸಿಗುವುದು ಅಷ್ಟಕ್ಕಷ್ಟೇ. ನಮ್ಮ ಕರಾವಳಿಯಲ್ಲಿ ಆ ತುಕ್ಕು ಯಾರಿಗೂ ಕಾಯುವುದಿಲ್ಲ. ಸಾಣಿಕಟ್ಟಾದ ಉಪ್ಪಿನ ಆಗರದ ಬದಿಯಲ್ಲಿ ಮನೆಯಿರುವ ಒಬ್ಬರ ಕಾರಿನ ವೈರನ್ನು ಒಂದು ಗೇಣಿನಷ್ಟು ಸುಲಿದು ನೋಡಿದೆ. ಪ್ಲಾಸ್ಟಿಕ್ಕಿನ ಒಳಗೂ ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಹೊರಗಿನಿಂದ ವೈರು ಹೊಸದರಂತೆ ಕಾಣುತ್ತಿತ್ತು.

ಆದ್ದರಿಂದ ನಾವು ಈಗ ಬಳಸುವುದು ಕಲಾಯಿ ಮಾಡಿದ ತಾಮ್ರದ ವೈರು. ಅಜ್ಜಿಯ ಕಾಲದಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಅದೇ ತವರ, ಅದೇ ಕಾರಣ. ದೋಣಿಗಳ ವೈರಿಂಗಿಗೆ ಇಂಥದನ್ನೇ ಬಳಸುತ್ತಾರೆ. ಇದು ಕುಮಟಾದ ಅಂಗಡಿಗಳಲ್ಲಿ ನಮಗೆ ಸಿಕ್ಕಿಲ್ಲ. ಹೊರಗಿನಿಂದ ಸುರುಳಿಗಟ್ಟಲೆ ತರಿಸಬೇಕು, ಹಣ ಮುಂಗಡ ಕೊಡಬೇಕು. ಟ್ಯಾಂಕಿನ ಒಳಗೆ ಹೋಗುವ ತುಂಡು ಇನ್ನೂ ದುಬಾರಿ, ಏಕೆಂದರೆ ಸಾಮಾನ್ಯ ವೈರಿನ ಹೊದಿಕೆ ಪೆಟ್ರೋಲಿನಲ್ಲಿ ನೆನೆದು ಕೆಡುತ್ತದೆ. ಅಲ್ಲಿಗೆ ಟೆಫ್ಲಾನ್ ಹೊದಿಕೆಯದೇ ಆಗಬೇಕು. ತಾಮ್ರದ ಬೆಲೆ ಕೆಲವು ವರ್ಷಗಳಿಂದ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ. ಆ ಬೆಲೆಯನ್ನು ಏರಿಸಿದವನು ನಾನಲ್ಲ.

8,850 ರೂಪಾಯಿಯ ಲೆಕ್ಕವನ್ನು ಮುಚ್ಚಿಡುವುದಿಲ್ಲ. ವೈರು, ರಿಲೇ, ಫ್ಯೂಸು, ಲಗ್ಗುಗಳು, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ, ಒಳಬದಿಗೆ ಅಂಟು ಬಳಿದ ಹೀಟ್ ಶ್ರಿಂಕ್ ಸ್ಲೀವು, ಬ್ಯಾಟರಿಯಿಂದ ಮತ್ತು ಎಂಜಿನ್ನಿನಿಂದ ಬಾಡಿಯ ತಗಡಿಗೆ ಹೊಸ ಅರ್ಥ್ ಪಟ್ಟಿ, ಇಷ್ಟಕ್ಕೆ 3,300. ಇಬ್ಬರು ಒಂದೂವರೆ ದಿನ ದುಡಿದದ್ದಕ್ಕೆ 4,200. ಉಳಿದ 1,350 ಶೇಕಡಾ 18ರ ಜಿಎಸ್‌ಟಿ. ಅದು ನನ್ನ ಗಲ್ಲಾಪೆಟ್ಟಿಗೆಯಲ್ಲಿ ಉಳಿಯುವುದಿಲ್ಲ, ಆದರೂ ಬೈಗುಳ ಮಾತ್ರ ನನಗೇ ಬರುತ್ತದೆ. ಲಗ್ಗನ್ನು ವೈರಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳಕ್ಕೆ ನಾವು ಹಾಕಿದ ಹಣವನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಒಂದೂವರೆ ದಿನ ಏಕೆ ಎಂದರೆ, ಆತುರ ಮಾಡುವ ಕೆಲಸ ಇದಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿದ ಮೇಲೆಯೇ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕುತ್ತೇವೆ. ಪೆಟ್ರೋಲಿನ ಹಬೆ ಪೂರ್ತಿ ಹೋಗುವವರೆಗೆ ಶೆಡ್ಡಿನಲ್ಲಿ ಬೇರೆ ಯಾವ ಕೆಲಸವೂ ನಡೆಯುವುದಿಲ್ಲ, ಗ್ರೈಂಡರ್ ಕೂಡ ನಿಲ್ಲುತ್ತದೆ. ಕಾರ್ಪೆಟ್ ಎತ್ತಿ ಬಾಗಿಲಿನ ಹೊಸ್ತಿಲಿನ ಉದ್ದಕ್ಕೂ ವೈರು ಕೂರಿಸಬೇಕು, ತಗಡು ದಾಟುವಲ್ಲೆಲ್ಲ ರಬ್ಬರ್ ಬುಷ್ ಹಾಕಬೇಕು. ಅರ್ಥಿನ ಜಾಗದಲ್ಲಿ ಬಣ್ಣವನ್ನು ಕೆರೆದು ತಗಡು ಬೆಳ್ಳಗೆ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಆಮೇಲೆ ಮೇಲಿನಿಂದ ಬಣ್ಣ ಬಳಿದು ಗಾಳಿ ಹೋಗದಂತೆ ಮುಚ್ಚಬೇಕು. ಆ ಬೋಲ್ಟಿಗೆ ಪಂಪಿನ ಲಗ್ ಒಂದೇ, ಇನ್ನೊಂದಕ್ಕೆ ಜಾಗವಿಲ್ಲ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು ಇರಲೇಬೇಕು. ಇಲ್ಲದಿದ್ದರೆ ಮುಂದೆ ಎಲ್ಲಾದರೂ ವೈರು ಉಜ್ಜಿ ತಗಡಿಗೆ ತಾಗಿದರೆ ಇಡೀ ಉದ್ದವೂ ಬೆಂಕಿಯ ಕಡ್ಡಿಯಾಗುತ್ತದೆ.

ಪಂಪಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಕೊಟ್ಟುಬಿಡಿ, ರಿಲೇ ಏಕೆ ಎಂದು ಕೇಳುವ ಗೆಳೆಯರಿಗೆ ನನ್ನ ಉತ್ತರ ಬದಲಾಗುವುದಿಲ್ಲ: ಕೊಡುವುದಿಲ್ಲ. ಕಾರಿನ ಮೂಲ ಪಂಪ್ ವೈರನ್ನು ನಾವು ರಿಲೇಯಲ್ಲಿ 86 ಎಂದು ಗುರುತಿರುವ ಕಾಲಿಗೆ ಸೇರಿಸುತ್ತೇವೆ. ಅದು ಅಪ್ಪಣೆ ಕೊಡುವ ಕೆಲಸವನ್ನಷ್ಟೇ ಮಾಡುತ್ತದೆ, ಹೊರೆಯನ್ನು ಹೊಸ ವೈರು 30 ಮತ್ತು 87 ಎಂಬ ಕಾಲುಗಳ ಮೂಲಕ ಹೊರುತ್ತದೆ. ಅಪಘಾತವಾಗಿ ಎಂಜಿನ್ ನಿಂತರೆ ಕಾರಿನ ಕಂಪ್ಯೂಟರ್ ಅಪ್ಪಣೆಯನ್ನು ಹಿಂತೆಗೆದುಕೊಳ್ಳುತ್ತದೆ, ಪಂಪೂ ನಿಲ್ಲುತ್ತದೆ. ಸ್ವಿಚ್ಚಿನಲ್ಲಿ ಓಡುವ ಪಂಪ್ ಒಡೆದ ಪೈಪಿನಿಂದಲೂ ಪೆಟ್ರೋಲು ಸುರಿಯುತ್ತಲೇ ಇರುತ್ತದೆ.

ನೇರ ಇಂಜೆಕ್ಷನ್ನಿನ (ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ) ಹೊಸ ಟರ್ಬೊ ಕಾರುಗಳವರು ದಯವಿಟ್ಟು ಮೊದಲು ಫೋನು ಮಾಡಿ. ಅವುಗಳಲ್ಲಿ ಅನೇಕಕ್ಕೆ ಪಂಪಿನ ವೇಗವನ್ನು ಒಂದು ಕಂಟ್ರೋಲ್ ಘಟಕವೇ ಹೆಚ್ಚು ಕಡಿಮೆ ಮಾಡುತ್ತದೆ. ಅಂಥವುಗಳಿಗೆ ಈ ರಿಲೇ ಸಲ್ಲದು, ನಾವು ಹಾಕುವುದೂ ಇಲ್ಲ.

ಬೇರೆ ಕಡೆ ಇದೇ ಕೆಲಸ ಮೂರು ಸಾವಿರಕ್ಕೆ ಆಗುತ್ತದೆ ಎಂದವರಿದ್ದಾರೆ. ಮಾಡಿಸಿಕೊಳ್ಳಿ, ನನಗೆ ಬೇಸರವಿಲ್ಲ. ಆದರೆ ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿಸಿ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಪಂಪಿನ ಮೈನಸ್ ತುದಿಗೆ ಇಟ್ಟು ನೋಡಲಿ. 0.1 ವೋಲ್ಟಿನ ಸುತ್ತಮುತ್ತ ಇದ್ದರೆ ಕೆಲಸ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಅದು ಅರ್ಥಿಂಗ್ ಅಲ್ಲ. ಘಟ್ಟದಲ್ಲಿ ನಿಂತಿದ್ದ ಆ ಸೆಡಾನಿನಲ್ಲಿ ಈಗ ಪಂಪಿನ ಬಾಯಲ್ಲಿ 13.5 ವೋಲ್ಟ್ ಇದೆ, ಮೈನಸ್ ಕಡೆಯ ನಷ್ಟ 0.1. ಅದೇ ದೇವಿಮನೆಯನ್ನು ನಾನೇ ಮೂರು ಸಲ ಹತ್ತಿಸಿ ಇಳಿಸಿ ಅವರ ಕೈಗೆ ಕೀಲಿ ಕೊಟ್ಟೆ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ.

ಈ ಮೊದಲು ನಮ್ಮಲ್ಲಿ ದೊಡ್ಡ ಪಂಪ್ ಹಾಕಿಸಿದವರಿಗೆ: ನಿಮ್ಮ ಕಾರಿನ ಅಳತೆಯನ್ನು ಉಚಿತವಾಗಿ ನೋಡಿಕೊಡುತ್ತೇವೆ. ವೈರಿಂಗ್ ಬದಲಿಸಬೇಕಾಗಿ ಬಂದರೆ ದೀಪಾವಳಿಯವರೆಗೆ ಸಾಮಗ್ರಿಯ ಹಣ ಮತ್ತು ಅದರ ತೆರಿಗೆ ಮಾತ್ರ, ಕೂಲಿ ನಮ್ಮದು. ಏರಿನಲ್ಲಿ ಎಳೆತ ತಗ್ಗಿದರೆ, ಹಿಂದಿನ ಸೀಟಿನ ಕೆಳಗಿನಿಂದ ಪಂಪಿನ ಸದ್ದು ಏರಿಳಿದರೆ, ಪ್ಲಾಸ್ಟಿಕ್ ಬಿಸಿಯಾದ ವಾಸನೆ ಬಂದರೆ ತಡಮಾಡದೆ ಬನ್ನಿ. ಸರದಿಯಲ್ಲಿ ನಿಮಗೇ ಮೊದಲ ಜಾಗ. ಕೆಲಸ ಮುಗಿದ ಪ್ರತಿ ಕಾರಿನ ಬಾನೆಟ್ಟಿನ ಒಳಬದಿಗೆ ಅಂದಿನ ಅಳತೆಗಳನ್ನು ಬರೆದು, ನನ್ನ ಸಹಿ ಹಾಕಿ ಅಂಟಿಸುತ್ತೇನೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬಂದರೆ ಮತ್ತೆ ಅಳೆದು ಪಕ್ಕದಲ್ಲಿ ಬರೆಯುತ್ತೇನೆ, ಅದಕ್ಕೆ ಹಣವಿಲ್ಲ.

ಬರುವಾಗ ಟ್ಯಾಂಕಿನಲ್ಲಿ ಪೆಟ್ರೋಲು ಕಾಲು ಭಾಗಕ್ಕಿಂತ ಹೆಚ್ಚು ಇರದಂತೆ ನೋಡಿಕೊಳ್ಳಿ. ಬೆಳಿಗ್ಗೆ ಒಂಬತ್ತರೊಳಗೆ ಬಂದರೆ ಅನುಕೂಲ. ಶಿರಸಿ, ಕಾರವಾರದ ಕಡೆಯಿಂದ ಬರುವವರನ್ನು ಬಸ್ ನಿಲ್ದಾಣಕ್ಕೆ ಬಿಡುವ ವ್ಯವಸ್ಥೆ ಎಂದಿನಂತೆ ಇದೆ.

ನಿಮ್ಮ ವಿಶ್ವಾಸಿ,
ಗ್ಯಾರೇಜಿನ ಪರವಾಗಿ